ದೋಣಿಯೊಳಗಿನ ಬಿಳಿ ಪಟ್ಟೆ

ಬೆಳಿಗ್ಗೆ ಎದ್ದ ಕೂಡಲೇ ಲೈಲ್ ಬ್ರೂಬೇಕರ್ ಮುಖ ತೊಳೆಯುವುದಕ್ಕೂ ಮುಂಚೆ ಮಾಡುತ್ತಿದ್ದ ಕೆಲಸ ಒಂದೇ: ನಿನ್ನೆ ಸಂಜೆ ತಾನು ದಾರಿ ಬಿಟ್ಟು ಈ ಜೋಪಡಿಯ ಕಡೆ ತಿರುಗಿದ್ದು ಯಾವ ಮರದ ಬುಡದಿಂದ ಎಂದು ನೆನಪು ಮಾಡಿಕೊಳ್ಳುವುದು. ಮುಖ ತೊಳೆಯುವುದು ಎಂದದ್ದು ಬಾಯಿಮಾತಿಗೆ. ಆ ದಾರಿಯಲ್ಲಿ ಯಾರೂ ಮುಖ ತೊಳೆಯುವುದಿಲ್ಲ. ವಾರಕ್ಕೊಮ್ಮೆ ಊರು ಸಿಕ್ಕಾಗ ಮೈ ತೊಳೆದುಕೊಳ್ಳುತ್ತಾರೆ, ಅದೂ ಹೋಟೆಲಿನವರು ಮೂಗು ಮುಚ್ಚಿಕೊಂಡು ಬೇಡಿಕೊಂಡರೆ.

ಅಮೆರಿಕದ ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್‌ವರೆಗೆ, ಅಪಲೇಚಿಯನ್ ಬೆಟ್ಟಸಾಲಿನ ಬೆನ್ನ ಮೇಲೆ ಹಾದುಹೋಗುವ ಆ ಕಾಲುದಾರಿಯ ಉದ್ದಕ್ಕೂ ಮರಗಳಿಗೆ, ಬಂಡೆಗಳಿಗೆ, ನಡುವೆ ಊರು ಬಂದರೆ ಲೈಟು ಕಂಬಗಳಿಗೂ ಅಂಗೈ ಅಗಲದ ಬಿಳಿ ಪಟ್ಟೆ ಬಳಿದಿರುತ್ತಾರೆ. ಪಟ್ಟೆ ನೋಡಿಕೊಂಡು ನಡೆದರೆ ದಾರಿ ತಪ್ಪುವುದಿಲ್ಲ, ಅಷ್ಟೇ ಅದರ ಉದ್ದೇಶ. ರಾತ್ರಿ ತಂಗಲು ಅಲ್ಲಲ್ಲಿ ಮೂರೇ ಗೋಡೆಯ ಜೋಪಡಿಗಳಿವೆ. ಜೋಪಡಿಗೆ ಹೋಗುವ ಅಡ್ಡದಾರಿ ಬಹಳ ಕಡೆ ಎರಡು ಇರುತ್ತವೆ, ದಕ್ಷಿಣದಿಂದ ಬರುವವರಿಗೊಂದು, ಉತ್ತರಕ್ಕೆ ಹೊರಡುವವರಿಗೊಂದು. ಬುದ್ಧಿ ಸರಿಯಿದ್ದವರು ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತಾರೆ. ಹಾಗೆ ಮಾಡಿದರೆ ಮುಖ್ಯ ದಾರಿಯಲ್ಲಿ ಒಂದು ತುಂಡು, ಹೆಚ್ಚೆಂದರೆ ಒಂದು ಮದುವೆ ಚಪ್ಪರದಷ್ಟು ಉದ್ದದ ತುಂಡು, ನಡೆಯದೆ ಉಳಿದುಬಿಡುತ್ತದೆ. ಲೈಲ್‌ನ ಲೆಕ್ಕದಲ್ಲಿ ಅದು ಕಳ್ಳತನ.

ಆದ್ದರಿಂದ ಅವನು ಬಂದ ಅಡ್ಡದಾರಿಯಲ್ಲೇ ವಾಪಸು ಹೋಗಿ, ನಿನ್ನೆ ಬಿಟ್ಟ ಮರವನ್ನು ಕೈಯಿಂದ ಮುಟ್ಟಿ, ಅಲ್ಲಿಂದ ಮುಂದಕ್ಕೆ ಹೊರಡುತ್ತಿದ್ದ. ಸುಮ್ಮನೆ ಹೊರಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಹೊರಡುವ ಮುಂಚೆ ಜೋಪಡಿಯಲ್ಲಿ ಓಟ್ಸ್ ಗಂಜಿ ಕಲಸುತ್ತ ಕೂತವರಿಗೆಲ್ಲ ಪಾಠ ಹೇಳಿ ಹೋಗುತ್ತಿದ್ದ.

"ಆ ಕಡೆಯಿಂದ ಹೋದ್ರೆ ಹತ್ರ ಅಲ್ವಾ?" ಎಂದು ಯಾರಾದರೂ ಪಾಪದವರು ಕೇಳಿದರೆ ಮುಗಿಯಿತು.

"ಹತ್ರ ಬೇಕಾದ್ರೆ ಬಸ್ಸಿಗೆ ಹೋಗಿ," ಎನ್ನುತ್ತಿದ್ದ ಲೈಲ್. "ಬಸ್ಸು ಇನ್ನೂ ಹತ್ರ."

ಈ ದಾರಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಜೊತೆಗೆ ನಡೆಯುವವರೇ ಯಾರೋ ಒಂದು ಹೆಸರು ಅಂಟಿಸುತ್ತಾರೆ, ಅದೇ ಕೊನೆಯವರೆಗೆ. ತನಗೆ ತಾನೇ ಹೆಸರಿಟ್ಟುಕೊಳ್ಳುವುದು ಮರ್ಯಾದೆಯಲ್ಲ. ಲೈಲ್‌ಗೆ ಹದ್ದು, ತೋಳ, ಸಿಡಿಲು, ಇಂಥ ಯಾವುದಾದರೂ ಸಿಗಬಹುದೆಂದು ಒಳಗೊಳಗೇ ಆಸೆಯಿತ್ತು. ಎರಡನೆಯ ವಾರಕ್ಕೇ ಅವನಿಗೆ 'ಇನ್ಸ್‌ಪೆಕ್ಟರ್' ಎಂದು ಹೆಸರು ಬಿತ್ತು. ಇಟ್ಟವರು ಅವನ ಬೆನ್ನ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಅದನ್ನು ಗೌರವವೆಂದೇ ತಿಳಿದು ಎದೆಯುಬ್ಬಿಸಿಕೊಂಡು ನಡೆದ.

ಗೌರವ ಎಂದುಕೊಳ್ಳುವುದಕ್ಕೆ ಕಾರಣವೂ ಇತ್ತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಅವನು ಜೀವಮಾನವೆಲ್ಲ ಮಾಡಿದ ಕೆಲಸವೇ ಅದು. ಇನ್ಶೂರೆನ್ಸ್ ಕಂಪನಿಯಲ್ಲಿ, ಮನೆ ಸುಟ್ಟಿತು, ಕಾರು ಕಳುವಾಯಿತು, ಬೆನ್ನು ಮುರಿಯಿತು ಎಂದು ಪರಿಹಾರ ಕೇಳಿ ಬಂದವರ ಸುಳ್ಳು ಹಿಡಿಯುವ ಕೆಲಸ. ಬೆನ್ನು ಮುರಿದವನು ಭಾನುವಾರ ಹುಲ್ಲು ಕತ್ತರಿಸುವುದನ್ನು ಪೊದೆಯ ಹಿಂದೆ ಕೂತು ನೋಡಿದ ಮನುಷ್ಯ ಅವನು. ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡಲಿಲ್ಲ. ಹೆಂಡತಿ ಅವನನ್ನು ಬಿಟ್ಟು ಒಬ್ಬ ಹಲ್ಲಿನ ಡಾಕ್ಟರನ್ನು ಮದುವೆಯಾದಳು. ಹಲ್ಲಿನ ಡಾಕ್ಟರು ಹಲ್ಲು ಕಿತ್ತ ಮೇಲಾದರೂ ಕೆದಕುವುದನ್ನು ನಿಲ್ಲಿಸುತ್ತಾನೆ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ಇಷ್ಟು ಜನರ ಸುಳ್ಳು ಹಿಡಿದ ಲೈಲ್‌ಗೆ ಒಬ್ಬನ ಸುಳ್ಳು ಮಾತ್ರ ಹಿಡಿಯಲಾಗಿರಲಿಲ್ಲ. ಅವನು ಸ್ವಂತ ಅಣ್ಣ, ಗ್ಲೆನ್.

ಗ್ಲೆನ್ ಹರೆಯದ ಹುಡುಗನಾಗಿದ್ದಾಗ ಇದೇ ದಾರಿಯನ್ನು ಪೂರ್ತಿ ನಡೆದಿದ್ದ. ಅಥವಾ ನಡೆದಿದ್ದೇನೆ ಎಂದು ಹೇಳಿದ್ದ. ಪೂರ್ತಿ ನಡೆದವರಿಗೆ ಈ ದಾರಿಯ ಸಂಘದವರು ಒಂದು ಬಟ್ಟೆಯ ಬಿಲ್ಲೆ ಕೊಡುತ್ತಾರೆ. ಗ್ಲೆನ್ ಅದನ್ನು ಒಂದು ತೋಳಿಲ್ಲದ ಚರ್ಮದ ಕೋಟಿಗೆ ಹೊಲಿಸಿಕೊಂಡಿದ್ದ. ಪ್ರತಿ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನೆಂಟರೆಲ್ಲ ಅವನ ಮನೆಯಲ್ಲಿ ಸೇರಿದಾಗ, ಹೊಟ್ಟೆಯ ಮೇಲೆ ಗುಂಡಿ ಹಾಕಲು ಬಾರದ ಆ ಕೋಟನ್ನು ತೊಟ್ಟುಕೊಂಡೇ ಟರ್ಕಿ ಕೋಳಿ ಕೊಯ್ಯಲು ನಿಲ್ಲುತ್ತಿದ್ದ. ಮೊದಲ ಹೋಳು ತಟ್ಟೆಗೆ ಬೀಳುವಷ್ಟರಲ್ಲಿ ಕತೆ ಶುರುವಾಗುತ್ತಿತ್ತು. ಕರಡಿ, ಹಾವು, ಸಿಡಿಲು, ಹರಿದ ಬೂಟು, ಕೊನೆಗೆ ಕಟಾಡಿನ್ ಬೆಟ್ಟ. ದಾರಿ ಮುಗಿಯುವುದು ಮೇನ್‌ನ ಆ ಬೋಳು ಬೆಟ್ಟದ ತುದಿಯಲ್ಲಿ.

"ಮೋಡದ ಮೇಲೆ ನಿಂತಂಗಿತ್ತು ಕಣ್ರೋ," ಎನ್ನುತ್ತಿದ್ದ ಗ್ಲೆನ್, ಸೂರು ನೋಡುತ್ತ. ಕಣ್ಣಲ್ಲಿ ನೀರಾಡುತ್ತಿತ್ತು. "ಕಟಾಡಿನ್ ಹತ್ತದೋನು ಆ ದಾರಿ ನಡೆದೋನೇ ಅಲ್ಲ. ನಿಂಗೆ ಅರ್ಥ ಆಗಲ್ಲ ಬಿಡೋ ಚಿಕ್ಕೋನೇ. ನೀನು ಕುರ್ಚಿ ಮೇಲೆ ಕೂತೋನು."

ಆ 'ಬಿಡೋ ಚಿಕ್ಕೋನೇ' ಲೈಲ್‌ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ತಲೆ ನರೆತರೂ ಆರಲಿಲ್ಲ. ಗ್ಲೆನ್ ರೈಲು ಬಿಡುತ್ತಿದ್ದಾನೆ ಎಂದು ಅವನಿಗೆ ಖಾತ್ರಿ. ಆರು ತಿಂಗಳ ಆ ದಾರಿಗೆ ಹೋದ ವರ್ಷ, ಬೇಸಿಗೆ ಮುಗಿಯುತ್ತಲೇ, ಸೇಬು ಕೀಳುವ ಹೊತ್ತಿಗೇ ಅಣ್ಣ ಮನೆಗೆ ಬಂದಿದ್ದ, ಅಷ್ಟು ಬೇಗ ಯಾರು ಮುಗಿಸುತ್ತಾರೆ? ಆದರೆ ಸಾಕ್ಷಿಯಿಲ್ಲ. ಒಮ್ಮೆ ಸಂಘಕ್ಕೇ ಫೋನು ಮಾಡಿ, ಪೂರ್ತಿ ನಡೆದರೋ ಇಲ್ಲವೋ ಎಂದು ನೀವು ಹೇಗೆ ಪರೀಕ್ಷೆ ಮಾಡುತ್ತೀರಿ ಎಂದು ಕೇಳಿದ.

"ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ ಸರ್," ಎಂದಳು ಆ ಕಡೆಯ ಹುಡುಗಿ ನಗುತ್ತ. "ಅವರ ಮಾತನ್ನ ನಂಬ್ತೀವಿ."

ನಂಬುತ್ತಾರಂತೆ! ಲೈಲ್ ಫೋನು ಕುಕ್ಕಿದ. ಅವತ್ತೇ ನಿರ್ಧಾರ ಮಾಡಿದ. ನಿವೃತ್ತನಾದ ಕೂಡಲೇ ತಾನೂ ನಡೆಯುವುದು, ಒಂದು ಪಟ್ಟೆಯನ್ನೂ ಬಿಡದೆ ನಡೆಯುವುದು, ಆ ಊಟದ ಮೇಜಿಗೆ ಬಂದು ಕೂತು ಎಲ್ಲರ ಮುಂದೆ ಒಂದೇ ಒಂದು ಮಾತು ಕೇಳುವುದು: 'ನಾನು ಒಂದು ಪಟ್ಟೇನೂ ಬಿಟ್ಟಿಲ್ಲ. ನೀನು?' ಕೇಳಿ ಗ್ಲೆನ್‌ನ ಮುಖ ನೋಡುವುದು. ಉಳಿದವರು ಪ್ರಕೃತಿ, ಶಾಂತಿ, ಆತ್ಮಶೋಧನೆ ಎಂದೆಲ್ಲ ಹೇಳಿಕೊಂಡು ಜಾರ್ಜಿಯಾದಲ್ಲಿ ಬೆನ್ನಿಗೆ ಬ್ಯಾಗು ಏರಿಸಿದರೆ, ಲೈಲ್ ಬ್ರೂಬೇಕರ್ ಏರಿಸಿದ್ದು ಅಪ್ಪಟ ಹೊಟ್ಟೆಯುರಿಯನ್ನು. ಮುಳ್ಳುಗಂಟಿಯ ದಾರಿಯಲ್ಲಿ ಅದು ಪ್ರಕೃತಿಪ್ರೇಮಕ್ಕಿಂತ ಹೆಚ್ಚು ದಿನ ಬಾಳಿಕೆ ಬರುತ್ತದೆ.

ನಿಜಕ್ಕೂ ನಡೆದ. ಅದನ್ನು ಅಲ್ಲಗಳೆಯುವ ಹಾಗಿಲ್ಲ. ಕಾಲಿನ ಉಗುರುಗಳು ಉದುರಿದವು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು, ಶೇಂಗಾ ಬೆಣ್ಣೆಯನ್ನು ಡಬ್ಬಿಯಿಂದ ಬೆರಳಲ್ಲೇ ತೋಡಿ ತಿಂದು ತಿಂದು ಅದರ ವಾಸನೆಗೇ ವಾಕರಿಕೆ ಬರತೊಡಗಿತು. ಬಿದ್ದ ಮರವೊಂದನ್ನು ಸುತ್ತಿ ಹೋಗಬೇಕಾಗಿ ಬಂದರೆ, ಸುತ್ತಿ ಆ ಕಡೆ ಹೋಗಿ, ಮತ್ತೆ ಮರದ ಬುಡದವರೆಗೆ ಹಿಂದಕ್ಕೆ ಬಂದು ಮುಟ್ಟಿ ಹೋಗುತ್ತಿದ್ದ. ಊರಿಗೆ ಸಾಮಾನು ತರಲು ಯಾರದೋ ಕಾರು ಹತ್ತಿದರೆ, ವಾಪಸು ಬಂದು ಅದೇ ಜಾಗದಲ್ಲಿ, ಅದೇ ಕಾಲು ಮುಂದಿಟ್ಟು ಹೊರಡುತ್ತಿದ್ದ. ಹವಾಮಾನ ನೋಡಿಕೊಂಡು ದಾರಿಯನ್ನು ತುಂಡು ಮಾಡಿ ಹಿಂದುಮುಂದಾಗಿ ನಡೆಯುವವರೂ ಇದ್ದರು. ಅಂಥವರನ್ನು ಕಂಡರೆ ಅವನಿಗೆ ಮೈಯುರಿ. ದಾರಿಗೊಂದು ಮೊದಲು, ಒಂದು ಕೊನೆ ಇದೆ, ಕಟಾಡಿನ್ ಕೊನೆಗೇ ಬರಬೇಕು ಎಂದು ಸಿಕ್ಕಸಿಕ್ಕ ಜೋಪಡಿಯಲ್ಲಿ ವಾದ ಮಾಡಿದ.

ಈ ವಾದಗಳನ್ನೆಲ್ಲ ಕೇಳಿಯೂ ಅವನ ಜೊತೆ ಬಿಡದವಳು ಒಬ್ಬಳೇ, ಉಪ್ಪಿನಕಾಯಿ. ಅಲಬಾಮಾದ ನರ್ಸು, ನಿಜ ಹೆಸರು ರಮೋನಾ ಟೀಗ್. ಮೊದಲ ಊರಿನ ಅಂಗಡಿಯಲ್ಲೇ ಸೌತೆಕಾಯಿ ಉಪ್ಪಿನಕಾಯಿಯ ಭರಣಿ ಎತ್ತಿ ಅದರ ಹುಳಿನೀರನ್ನು ಗಟಗಟ ಕುಡಿದಿದ್ದಕ್ಕೆ ಆ ಹೆಸರು ಬಂದಿತ್ತು. ಅವಳು ವರ್ಜೀನಿಯಾದಲ್ಲಿ ಕಾಲು ನೋವೆಂದು ಹೊಳೆಯಲ್ಲಿ ರಬ್ಬರ್ ದೋಣಿ ಹಾಕಿಕೊಂಡು ತೇಲಿ ಹೋದಳು. ಪೆನ್ಸಿಲ್ವೇನಿಯಾದ ಕಲ್ಲು ಹಾದಿಯನ್ನು ಅರ್ಧಕ್ಕರ್ಧ ಯಾರದೋ ಪಿಕಪ್ ಗಾಡಿಯ ಹಿಂದೆ ಕೂತು ದಾಟಿದಳು.

"ನಿಮ್ಮೂರಿನ ಕಲ್ಲು ನನ್ ಪಾದಕ್ಕೆ ಒಗ್ಗಲ್ಲ ಇನ್ಸ್‌ಪೆಕ್ಟ್ರೇ," ಎಂದಳು. "ನಾನು ರಜಾ ಹಾಕಿ ಬಂದಿರೋದು ಖುಷಿಗೆ, ಶಿಕ್ಷೆಗಲ್ಲ."

"ಹಾಗಾದ್ರೆ ನೀನು ಈ ದಾರಿ ನಡೆದೆ ಅಂತ ಹೇಳ್ಕೋಬಾರ್ದು."

"ಯಾರಿಗೆ ಹೇಳ್ಕೊಳ್ಳಲಿ? ನಮ್ಮನೇಲಿ ಎರಡು ಬೆಕ್ಕಿವೆ. ಅವು ಕೇಳಲ್ಲ."

ಮೇನ್ ತಲುಪುವ ಹೊತ್ತಿಗೆ ಎಲೆಗಳೆಲ್ಲ ಕೆಂಪಾಗಿ ಉದುರುತ್ತಿದ್ದವು. ಅಲ್ಲಿ ಕೆನೆಬೆಕ್ ಹೊಳೆ ಅಡ್ಡ ಬರುತ್ತದೆ. ಮೇಲಿನ ಅಣೆಕಟ್ಟಿನಿಂದ ಯಾವಾಗ ನೀರು ಬಿಡುತ್ತಾರೆಂದು ಹೇಳಲಾಗದ್ದರಿಂದ ಇಳಿದು ದಾಟುವ ಹಾಗಿಲ್ಲ. ದೋಣಿಯೇ ದಾರಿ. ಬಾಯಿಮಾತಿಗೆ ಹೇಳಿದ್ದಲ್ಲ, ಆ ದೋಣಿಯ ತಳದಲ್ಲಿ ಮರಗಳಿಗೆ ಬಳಿದ ಹಾಗೆಯೇ ಒಂದು ಬಿಳಿ ಪಟ್ಟೆ ಬಳಿದಿರುತ್ತಾರೆ. ಪಟ್ಟೆ ದಾಟಿದ ಹಾಗೂ ಆಯಿತು, ಹೊಳೆ ದಾಟಿದ ಹಾಗೂ ಆಯಿತು. ಲೈಲ್‌ಗೆ ಇದು ಗೊತ್ತಿತ್ತು. ಅವನು ದಾಟಿದ ದಿನ ಮಳೆ ಹೊಡೆಯುತ್ತಿತ್ತು. ದೋಣಿಯ ಹೆಂಗಸು ಬೇಗ ಹತ್ತಿ ಹತ್ತಿ ಎಂದು ಅವಸರ ಮಾಡಿದಳು. ಬ್ಯಾಗನ್ನು ಕಾಲ ನಡುವೆ ಇಟ್ಟುಕೊಂಡು ತಲೆ ತಗ್ಗಿಸಿ ಕೂತ ಲೈಲ್, ಪಟ್ಟೆ ಬ್ಯಾಗಿನ ಅಡಿಯಲ್ಲಿದೆ ಎಂದುಕೊಂಡ. ಎತ್ತಿ ನೋಡಲಿಲ್ಲ. ನೋಡಬೇಕೆನ್ನಿಸಿದರೂ ಕೈ ಮರಗಟ್ಟಿತ್ತು.

ಹಾಗೆಯೇ ನಡೆದು ಕಟಾಡಿನ್‌ನ ಬುಡ ಸೇರಿದ. ಉಪ್ಪಿನಕಾಯಿ ಹೊಳೆಯ ಊರಲ್ಲಿ ಬಿಯರು ಕುಡಿಯುತ್ತ ಹಿಂದೆ ಉಳಿದಿದ್ದಳು, ಯಾರದೋ ಕಾರು ಹಿಡಿದು ಅವನಿಗಿಂತ ಮುಂಚೆ ಬಂದು ಬೆಟ್ಟದ ಬುಡದಲ್ಲಿ ಡೇರೆ ಹಾಕಿ ನೂಡಲ್ಸ್ ಬೇಯಿಸುತ್ತ ಕೂತಿದ್ದಳು. ಕಾಡಿನ ಕಾವಲುಗಾರ ಬಂದು, ನಾಳೆ ಒಂದು ದಿನ ಬಿಸಿಲಿದೆ, ಆಮೇಲೆ ಹಿಮ, ಈ ಸಲಕ್ಕೆ ಬೆಟ್ಟ ಮುಚ್ಚಿದರೂ ಮುಚ್ಚಿಯೇವು ಎಂದು ಹೇಳಿ ಹೋದ. ಲೈಲ್ ತಲೆಯೆತ್ತಿ ಬೆಟ್ಟ ನೋಡಿದ. ಇಷ್ಟು ದೂರ ಬಂದದ್ದಕ್ಕೆ ಅವನಿಗೆ ಒಂದು ಕ್ಷಣ ನಿಜವಾಗಿಯೂ ಸಂತೋಷವಾಯಿತು. ಅಣ್ಣನ ನೆನಪೂ ಬರಲಿಲ್ಲ.

ಆ ಸಂತೋಷಕ್ಕೆ ಕಲ್ಲು ಹಾಕಿದ್ದು ಒಂದು ಫೋಟೋ. ಉಪ್ಪಿನಕಾಯಿ ತನ್ನ ಫೋನು ತೋರಿಸುತ್ತ, "ನೋಡಿ ಇನ್ಸ್‌ಪೆಕ್ಟ್ರೇ, ನಾನೂ ಒಂದು ಪಟ್ಟೆ ಮೇಲೆ ಕಾಲಿಟ್ಟಿದೀನಿ," ಎಂದು ನಕ್ಕಳು. ಕೆಂಪು ದೋಣಿ. ತಳದಲ್ಲಿ ಬಿಳಿ ಪಟ್ಟೆ, ಅದರ ಮೇಲೆ ಅವಳ ಕೆಸರು ಬೂಟು.

"ಕೆಂಪು ದೋಣಿನಾ?" ಎಂದ ಲೈಲ್.

"ಹೂಂ. ಪಟ್ಟೆ ಇರೋದು ಅದೊಂದ್ರಲ್ಲೇ. ನೀವು ಬಂದ ದಿನ ಅದರ ತಳ ತೂತಾಗಿತ್ತಂತೆ, ತೇಪೆ ಹಾಕ್ತಿದ್ಲಂತೆ. ನಿಮ್ಮನ್ನ ಯಾವುದ್ರಲ್ಲಿ ದಾಟಿಸಿದ್ಲು?"

ಲೈಲ್ ಕೂತದ್ದು ಹಸಿರು ದೋಣಿಯಲ್ಲಿ.

"ಅದ್ರಲ್ಲಿ ಪಟ್ಟೆ ಇರ್ಲಿಲ್ಲ," ಎಂದ.

"ಅಯ್ಯೋ, ಹೊಳೆ ದಾಟಿದ್ರಿ ತಾನೆ? ಕಾಲು ಒದ್ದೆ ಆಗ್ಲಿಲ್ಲ ತಾನೆ?"

"ಪಟ್ಟೆ ಇರ್ಲಿಲ್ಲ ಅಂದ್ರೆ ಅದು ದಾರಿ ಅಲ್ಲ. ಹೊಳೆ ಅಗಲದಷ್ಟು ದಾರಿ ನಾನು ಬಿಟ್ಟಿದೀನಿ."

ಉಪ್ಪಿನಕಾಯಿ ನಗುವುದನ್ನು ನಿಲ್ಲಿಸಿದಳು. ಇವನ ತಲೆಯಲ್ಲಿ ಏನು ಓಡುತ್ತಿದೆಯೆಂದು ಅವಳಿಗೆ ಹೊಳೆಯಿತು. "ನೋಡಿ, ನನ್ ಮಾತು ಕೇಳಿ. ನಾಳೆ ನನ್ ಜೊತೆ ಬೆಟ್ಟ ಹತ್ತಿ. ನಾಡಿದ್ದು ಬೇಕಾದ್ರೆ ಹೋಗಿ ಆ ದೋಣೀಲಿ ದಿನವಿಡೀ ಹೋಗಿ ಬಂದು ಮಾಡಿ, ಯಾರು ಬೇಡ ಅಂತಾರೆ?"

"ಬೆಟ್ಟ ಕೊನೆಗೆ ಬರಬೇಕು. ಈಗ ಹತ್ತಿ ಆಮೇಲೆ ಹೊಳೆ ದಾಟಿದ್ರೆ ನಂಗೂ ಆ ತುಂಡು ಮಾಡಿ ನಡೆಯೋರಿಗೂ ಏನು ವ್ಯತ್ಯಾಸ?"

"ಏನೂ ಇಲ್ಲ," ಎಂದಳು ಉಪ್ಪಿನಕಾಯಿ. "ಯಾವತ್ತೂ ಇರ್ಲಿಲ್ಲ."

ಲೈಲ್ ಬ್ಯಾಗು ಕಟ್ಟಿದ. ಬೆಟ್ಟದ ಬುಡದಲ್ಲಿ ನಿಂತು ಬೆಟ್ಟಕ್ಕೆ ಬೆನ್ನು ಹಾಕಿ ಹೊರಟ. ಹಿಂದಕ್ಕೆ ಹೋಗುವಾಗ ಗಾಡಿ ಹತ್ತಬಹುದು, ಅದು ಮುಂದಕ್ಕೆ ಹೋದ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಅವನು ರಸ್ತೆ ಸೇರುವಷ್ಟರಲ್ಲಿ ತನಗೆ ತಾನೇ ಸಾಧಿಸಿಕೊಂಡಿದ್ದ. ಹೊಳೆಯಿಂದ ಬೆಟ್ಟದವರೆಗಿನ ದಾರಿ ಹೇಗೂ ನಡೆದಾಗಿದೆ, ಅದನ್ನು ಮತ್ತೆ ನಡೆಯಬೇಕಾಗಿಲ್ಲ ಎಂಬುದನ್ನೂ ಸಾಧಿಸಿಕೊಂಡ. ಪರಿಹಾರ ಕೇಳಿ ಬಂದ ಬೇರೆ ಯಾರಾದರೂ ಇಂಥ ತರ್ಕ ಹೂಡಿದ್ದರೆ ಬಾಗಿಲಿಗೆ ಅಟ್ಟುತ್ತಿದ್ದ. ಮರದ ದಿಮ್ಮಿಯ ಲಾರಿಯೊಂದು ಸಿಕ್ಕಿತು. ಡ್ರೈವರು ಅವನ ವಾಸನೆಗೆ ಕಿಟಕಿ ಇಳಿಸಿಕೊಂಡು, ದಾರಿಯುದ್ದಕ್ಕೂ ಊರೂರಿನಲ್ಲಿ ಕಾಫಿಗೆ ನಿಲ್ಲಿಸುತ್ತ, ಮಾರನೆಯ ಮಧ್ಯಾಹ್ನದ ಹೊತ್ತಿಗೆ ಹೊಳೆ ಮುಟ್ಟಿಸಿದ. ಆ ಮಧ್ಯಾಹ್ನ ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ದೋಣಿಯ ಹೆಂಗಸು ಲೂಸಿಲ್ ಪೆಲ್ಕಿ ದಡದಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಗಟ್ಟಿ ಆಳು, ಮಾತೂ ಗಟ್ಟಿ.

"ದಕ್ಷಿಣಕ್ಕೆ ಹೊರಟ್ರಾ ಯಜಮಾನ್ರೇ?"

"ಇಲ್ಲ. ಉತ್ತರಕ್ಕೆ."

"ನೀವು ನಿಂತಿರೋದೇ ಉತ್ತರದ ದಡ."

"ಗೊತ್ತು. ನಂಗೆ ಆ ದಡದಿಂದ ಈ ದಡಕ್ಕೆ ಬರಬೇಕು."

ಲೂಸಿಲ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಬಂದೇ ಬಿಟ್ಟಿದೀರಲ್ಲ."

ಲೈಲ್ ವಿವರಿಸಿದ. ಅವಳು ಸ್ಯಾಂಡ್‌ವಿಚ್ ಕೈಯಲ್ಲೇ ಹಿಡಿದು ಕೇಳಿದಳು. ಪೂರ್ತಿ ಕೇಳಿದ ಮೇಲೆ, "ಅಂದ್ರೆ ನಾನು ನಿಮ್ಮನ್ನ ಆ ಕಡೆ ಬಿಟ್ಟು, ಮತ್ತೆ ಅಲ್ಲಿಂದ ಹತ್ತಿಸ್ಕೊಂಡು, ಮತ್ತೆ ಇಲ್ಲಿಗೇ ತಂದು ಬಿಡಬೇಕು," ಎಂದಳು.

"ಹೌದು. ಆ ಕಡೆ ಹೋಗೋವಾಗ ಯಾವ ದೋಣಿ ಆದ್ರೂ ಪರವಾಗಿಲ್ಲ. ಬರೋವಾಗ ಕೆಂಪು ದೋಣೀನೇ ಆಗ್ಬೇಕು."

"ಯಜಮಾನ್ರೇ, ಹೋಗೋದು ಒಂದ್ರಲ್ಲಿ ಬರೋದು ಇನ್ನೊಂದ್ರಲ್ಲಿ ಮಾಡಕ್ಕೆ ನಂಗೇನು ನಾಲ್ಕು ಕೈ ಇದ್ಯಾ? ಹತ್ತಿ ಸುಮ್ನೆ."

ಹತ್ತಿದ. ಹೋಗುವಾಗ ಪಟ್ಟೆಗೆ ತಾಗದ ಹಾಗೆ ಕಾಲು ಮುದುಡಿಕೊಂಡು ಕೂತ, ದಿಕ್ಕು ತಪ್ಪಾದ್ದರಿಂದ. ಆ ದಡದಲ್ಲಿ ಇಳಿದು, ಕೊನೆಯ ಮರದ ಪಟ್ಟೆ ಮುಟ್ಟಿ, ಮತ್ತೆ ಹತ್ತಿ, ಈ ಸಲ ಎರಡೂ ಬೂಟನ್ನು ಪಟ್ಟೆಯ ಮೇಲೆ ಊರಿದ. ಊರಿದವನು ಭಾವ ತುಂಬಿ ಎದ್ದು ನಿಲ್ಲಲು ಹೋದ.

"ಕೂತ್ಕೊಳ್ರೀ!" ಎಂದು ಲೂಸಿಲ್ ಹುಟ್ಟಿನಿಂದ ಅವನ ಮೊಣಕಾಲಿಗೆ ಬಡಿದಳು. "ಇಬ್ರೂ ನೀರು ಕುಡೀತೀವಿ. ಆ ಪಟ್ಟೆ ಏನು ಓಡಿಹೋಗುತ್ತಾ? ಕೋಳಿಗೂಡಿಗೆ ಬಳಿದು ಮಿಕ್ಕಿದ ಬಣ್ಣ ಅದು. ಈ ವರ್ಷ ಸ್ವಲ್ಪ ಸೊಟ್ಟ ಬೇರೆ ಆಗಿದೆ."

ಸೊಟ್ಟಗಿರುವುದನ್ನು ಲೈಲ್ ನೋಡಿದ. ಆದರೂ ಅವನಿಗೆ ಸಮಾಧಾನವಾಯಿತು. ಉತ್ತರದ ದಡದಲ್ಲಿ ಇಳಿದಾಗ, ಈಗ ಜಾರ್ಜಿಯಾದಿಂದ ಇಲ್ಲಿಯವರೆಗೆ ಒಂದು ಪಟ್ಟೆಯೂ ಬಾಕಿಯಿಲ್ಲ ಎಂದು ಗಟ್ಟಿಯಾಗಿ ಹೇಳಿದ. ಲೂಸಿಲ್ ತನ್ನ ಸ್ಯಾಂಡ್‌ವಿಚ್ ಹುಡುಕಿಕೊಂಡಳು.

ಅವನು ಕಾರಿನಿಂದ ಕಾರಿಗೆ ದಾಟುತ್ತ ಬೆಟ್ಟದ ಕಡೆ ವಾಪಸು ಬರುವಷ್ಟರಲ್ಲಿ ಹಿಮ ಬೀಳಲು ಶುರುವಾಗಿತ್ತು. ಕಾಡಿನ ಗೇಟಿಗೆ ಅಡ್ಡ ಸರಪಳಿ. ಮೊನ್ನೆಯ ಕಾವಲುಗಾರನೇ ಕಿಟಕಿಯಿಂದ ತಲೆ ಹೊರಹಾಕಿ, ಬೆಟ್ಟ ಮುಚ್ಚಿದೆ, ಇನ್ನು ಬೇಸಿಗೆಗೆ ಎಂದ. ಲೈಲ್ ವಾದ ಮಾಡಿದ, ಬೇಡಿಕೊಂಡ, ಕೊನೆಗೆ ತಾನು ಯಾರು ಗೊತ್ತೇ ಎಂದೂ ಕೇಳಿದ. ಕಾವಲುಗಾರನಿಗೆ ಗೊತ್ತಿರಲಿಲ್ಲ.

ಹತ್ತಿರದ ಊರಿನ ತಿಂಡಿ ಹೋಟೆಲಿನಲ್ಲಿ ಉಪ್ಪಿನಕಾಯಿ ಸಿಕ್ಕಳು. ಪ್ಯಾನ್‌ಕೇಕಿನ ಮೇಲೆ ಮೇಪಲ್ ಪಾಕ ಸುರಿದುಕೊಳ್ಳುತ್ತಿದ್ದವಳು ಅವನ ಮುಖ ನೋಡಿ ಕೈ ನಿಲ್ಲಿಸಿದಳು. ಅವಳು ಬೆಟ್ಟ ಹತ್ತಿ ಇಳಿದಿದ್ದಳು.

"ಏನೂ ಇಲ್ಲ ಕಣ್ರೀ ಅಲ್ಲಿ," ಎಂದಳು, ಅವನ ಸಮಾಧಾನಕ್ಕೆಂದೇ. "ಒಂದು ಮರದ ಬೋರ್ಡು, ಒಂದು ಕಲ್ಲುಗುಡ್ಡೆ, ಅಷ್ಟೇ. ಬೋರ್ಡನ್ನ ಎರಡು ಸಲ ಮುಟ್ಟಿದೆ. ಒಂದು ನಂದು, ಒಂದು ನಿಮ್ಮ ಪರವಾಗಿ."

"ನನ್ನ ಪರವಾಗಿ ಯಾರೂ ಮುಟ್ಟೋ ಹಾಗಿಲ್ಲ," ಎಂದು ಲೈಲ್ ಕೂಗಿದ. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಉಪ್ಪಿನಕಾಯಿ ತನ್ನ ತಟ್ಟೆಯಲ್ಲಿದ್ದ ಒಂದು ಪ್ಯಾನ್‌ಕೇಕನ್ನು ಅವನ ಕಡೆಗೆ ತಳ್ಳಿದಳು. ಅವನು ತಿನ್ನಲಿಲ್ಲ. ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತ, ಹಸಿವೆಗೂ ಅತ್ತ.

ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಅವನು ಒಂದು ಮಾತನ್ನು ಸಿದ್ಧ ಮಾಡಿಕೊಂಡಿದ್ದ. 'ಕೊನೆಯ ಬೆಟ್ಟವೊಂದು ಬಿಟ್ಟು, ಉಳಿದ ಪ್ರತಿ ಪಟ್ಟೆಯನ್ನೂ ನಡೆದಿದ್ದೇನೆ, ಹಿಮ ಬಿತ್ತು, ಬೆಟ್ಟ ಮುಚ್ಚಿದರು.' ಕನ್ನಡಿಯ ಮುಂದೆ ಹೇಳಿಕೊಂಡರೆ ಅದು ಮರ್ಯಾದೆಯಾಗಿಯೇ ಕೇಳಿಸುತ್ತಿತ್ತು. ನಿಜವೂ ಆಗಿತ್ತು.

ಗ್ಲೆನ್‌ನ ಮನೆಯ ಮೇಜಿನ ಸುತ್ತ ನೆಂಟರೆಲ್ಲ ಕೂತಿದ್ದರು. ಗ್ಲೆನ್ ಚರ್ಮದ ಕೋಟು ತೊಟ್ಟು ಚಾಕು ಮಸೆಯುತ್ತ ನಿಂತಿದ್ದ. ಅವನ ಹೆಂಡತಿ ಆರ್ಲೀನ್ ಕ್ರ್ಯಾನ್‌ಬೆರಿ ಗೊಜ್ಜಿನ ಬಟ್ಟಲನ್ನು ಲೈಲ್‌ನ ಮುಂದೆ ಇಟ್ಟು, "ಪಾಪ, ಕಡ್ಡಿ ಆಗಿದೀಯಲ್ಲೋ," ಎಂದಳು.

"ಏನೋ ಚಿಕ್ಕೋನೇ," ಎಂದ ಗ್ಲೆನ್, ಕೋಳಿಗೆ ಚಾಕು ಇಳಿಸುತ್ತ. "ಹೇಳು ಮತ್ತೆ. ಕಟಾಡಿನ್ ಹತ್ತಿದ್ಯೋ ಇಲ್ವೋ?"

ಎಲ್ಲರೂ ಲೈಲ್‌ನ ಕಡೆ ನೋಡಿದರು. ಗ್ಲೆನ್‌ನ ಎದೆಯ ಮೇಲೆ ಬಿಲ್ಲೆ. ಲೈಲ್‌ನ ಕಣ್ಣ ಮುಂದೆ ಕೋಳಿಗೂಡಿನ ಬಣ್ಣದ ಸೊಟ್ಟ ಪಟ್ಟೆ ಬಂತು. 'ದೋಣಿಯಲ್ಲಿ ಪಟ್ಟೆಯಿರಲಿಲ್ಲ, ಅದಕ್ಕೇ ವಾಪಸು ಹೋದೆ' ಎಂದರೆ ಈ ಮೇಜು ಮುಂದಿನ ಎಷ್ಟು ವರ್ಷ ನಗುತ್ತದೆ ಎಂದು ಅವನಿಗೆ ಆ ಕ್ಷಣದಲ್ಲಿ ಸ್ಪಷ್ಟವಾಯಿತು.

"ಹತ್ತಿದೆ," ಎಂದ.

ಬೆಣ್ಣೆಯ ಹಾಗೆ ಜಾರಿ ಬಂತು ಆ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ಲೀನ್ ಬಂದು ಕೆನ್ನೆಗೆ ಮುತ್ತಿಟ್ಟಳು. ಇಷ್ಟು ಸುಲಭವೇ ಎಂದು ಲೈಲ್‌ಗೆ ಆಶ್ಚರ್ಯವಾಯಿತು. ಬೆನ್ನು ಮುರಿಯಿತೆಂದು ಬಂದವರ ಮುಖದಲ್ಲಿ ಇದ್ದ ಆ ನಿರಾಳ ಈಗ ಅವನ ಮುಖದ ಮೇಲೂ ಇದ್ದಿರಬೇಕು.

"ಮೇಲೆ ಹೇಗಿತ್ತು?" ಎಂದ ಗ್ಲೆನ್.

"ಗಾಳಿ," ಎಂದ ಲೈಲ್. "ತುಂಬಾ ಗಾಳಿ." ಯಾರಿಗೂ ಅದು ಸಾಲಲಿಲ್ಲ. ಫೋರ್ಕುಗಳನ್ನು ಎತ್ತಿ ಹಿಡಿದೇ ಕಾಯುತ್ತಿದ್ದರು. "ಮತ್ತೆ... ಆ ಗಂಟೆ."

"ಯಾವ ಗಂಟೆ?" ಎಂದಳು ಆರ್ಲೀನ್.

"ತುದೀಲಿ ಕಟ್ಟಿದಾರಲ್ಲ. ಹತ್ತಿದೋರು ಬಾರಿಸ್ಬೇಕು. ಕಣಿವೆ ತುಂಬಾ ಕೇಳ್ಸುತ್ತೆ."

ಇದು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಕಟಾಡಿನ್ ಮೇಲೆ ಗಂಟೆಯಿಲ್ಲ, ಎಂದೂ ಇರಲಿಲ್ಲ. ಆ ಬೆಟ್ಟದ ಬಗ್ಗೆ ಅಚ್ಚಾದದ್ದನ್ನೆಲ್ಲ ಓದಿದ್ದ ಲೈಲ್‌ಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿರಲಾರದು, ಅಲ್ಲಿ ಹತ್ತಿ ನಿಂತವರನ್ನು ಬಿಟ್ಟು. ಗ್ಲೆನ್ ನಿಜವಾಗಿ ಹತ್ತಿದ್ದರೆ? ಈಗ 'ಯಾವ ಗಂಟೆಯೋ?' ಎಂದು ಕೇಳಿದರೆ? ಗ್ಲೆನ್‌ನ ಚಾಕು ಕೋಳಿಯ ಎದೆಯೊಳಗೆ ಅರ್ಧಕ್ಕೆ ನಿಂತಿತ್ತು.

ಗ್ಲೆನ್ ನಿಧಾನವಾಗಿ ಸೂರಿನ ಕಡೆ ನೋಡಿದ. ಕಣ್ಣಲ್ಲಿ ನೀರಾಡಿತು.

"ಆ ಗಂಟೆ," ಎಂದ. "ಅಯ್ಯೋ, ಆ ಗಂಟೆ! ಇನ್ನೂ ಇದ್ಯೇನೋ ಅದು?"

ಇಲ್ಲದ ಗಂಟೆ ಅಣ್ಣನಿಗೆ ನೆನಪಿತ್ತು. ಸಿಕ್ಕಿಬಿದ್ದ. ಇಷ್ಟು ವರ್ಷಗಳ ಮೇಲೆ, ಇಷ್ಟು ಜನರ ಎದುರಿಗೆ, ತಾನಾಗಿಯೇ ಬಂದು ಸಿಕ್ಕಿಬಿದ್ದ. ಲೈಲ್ ಬಾಯಿ ತೆರೆದ. ತೆರೆದ ಬಾಯಿಯಿಂದ ಏನು ಹೊರಟರೂ ಅದು ತನ್ನನ್ನೂ ಹಿಡಿದುಕೊಂಡೇ ಹೊರಡುತ್ತದೆ ಎಂದು ಹೊಳೆದು ಹಾಗೇ ಕೂತ.

"ಇಷ್ಟು ವರ್ಷ ಗಂಟೆ ವಿಷ್ಯ ನೀನು ಹೇಳೇ ಇಲ್ವಲ್ಲ?" ಎಂದು ಆರ್ಲೀನ್ ಗಂಡನಿಗೆ ಕೇಳಿದಳು.

"ಎಲ್ಲಾ ಹೇಳಕ್ಕಾಗುತ್ತಾ?" ಎಂದ ಗ್ಲೆನ್. "ಹತ್ತಿದೋರಿಗೆ ಮಾತ್ರ ಗೊತ್ತಿರೋದು ಅಂತ ಕೆಲವು ಇರುತ್ತೆ. ಅಲ್ವೇನೋ?"

"ಹೌದು," ಎಂದ ಲೈಲ್.

ಗ್ಲೆನ್ ಟರ್ಕಿಯ ದಪ್ಪ ಕಾಲನ್ನು, ಯಾವ ವರ್ಷವೂ ಯಾರಿಗೂ ಕೊಡದ ಕಾಲನ್ನು, ಮುರಿದು ತಮ್ಮನ ತಟ್ಟೆಗೆ ಹಾಕಿದ. ಅವನ ಹೆಗಲ ಮೇಲೆ ಕೈಯಿಟ್ಟು ಅದರ ಮೇಲೆ ತಾನೇ ಗ್ರೇವಿ ಸುರಿದ. ಆ ಕೈಯಲ್ಲಿ ಇಷ್ಟು ವರ್ಷ ಇಲ್ಲದ ಪ್ರೀತಿಯಿತ್ತು.

"ಎಷ್ಟು ಸಲ ಬಾರಿಸ್ದೆ?" ಎಂದು ಕೇಳಿದ.

ತನ್ನ ಬದುಕಿನ ಅತಿ ದೊಡ್ಡ ಕಳ್ಳನನ್ನು ಕೊನೆಗೂ ಹಿಡಿದ ಲೈಲ್ ಬ್ರೂಬೇಕರ್, ಬಿಸಿ ಮಾಂಸದ ತುಂಡೊಂದನ್ನು ನುಂಗಿ, "ಮೂರು ಸಲ," ಎಂದ.